ಬೆಂಗಳೂರಿನಿಂದ ಸಾನ್‌ಫ್ರಾನ್ಸಿಸ್ಕೋ ಎಷ್ಟು ದೂರ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಈಗ ನಮ್ಮ ಮನೆಗಳಲ್ಲೂ ಅಪರೂಪವಲ್ಲ. "ಎಷ್ಟು ಹೊತ್ತು ಕೂರಬೇಕು?" ಎಂಬುದೇ ಅವರ ಮೊದಲ ಪ್ರಶ್ನೆ. ಆದರೆ ಗಂಟೆಯ ಲೆಕ್ಕ ಅರ್ಥವಾಗಬೇಕಾದರೆ ಮೊದಲು ದಾರಿ ಅರ್ಥವಾಗಬೇಕು.

ಬೆಂಗಳೂರು ಮತ್ತು ಸಾನ್‌ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಅದು ಸಾಗರಗಳ ಮೇಲೆ ಅಡ್ಡಡ್ಡ ಸಾಗುತ್ತದೆ. ಮಕ್ಕಳ ಗ್ಲೋಬ್ ಮೇಲೆ ದಾರ ಬಿಗಿದು ನೋಡಿ. ದಾರ ಟಿಬೆಟ್, ಸೈಬೀರಿಯ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕದ ಮೂಲಕ ಕೆಳಗಿಳಿಯುತ್ತದೆ. ಅದೇ ಹತ್ತಿರದ ದಾರಿ. ಸಾನ್‌ಫ್ರಾನ್ಸಿಸ್ಕೋದಲ್ಲಿ ಕಿಬ್ಲಾ ಆಗ್ನೇಯಕ್ಕಲ್ಲ, ಉತ್ತರದಿಂದ ತುಸು ಪೂರ್ವಕ್ಕೆ ಬರುವುದೂ ಇದೇ ಲೆಕ್ಕದಿಂದ. ಗುಂಡಗಿನ ಭೂಮಿಯ ಮೇಲೆ ದಿಕ್ಕು ಕಂಡುಹಿಡಿಯುವ ಈ ಗಣಿತವನ್ನು ಅಲ್‌ಬಿರೂನಿ ಕ್ರಿ.ಶ. 1025ರ ಸುಮಾರಿಗೇ ಗಝ್ನಿಯ ಕಿಬ್ಲಾ ನಿರ್ಣಯಿಸಲು ಬಳಸಿದ್ದರು. ಆಗ ವಿಮಾನವಿರಲಿ, ಅಮೆರಿಕದ ಸುದ್ದಿಯೇ ಇಲ್ಲಿಗೆ ತಲುಪಿರಲಿಲ್ಲ!

2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸಾನ್‌ಫ್ರಾನ್ಸಿಸ್ಕೋದಿಂದ ಹೊರಟಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು: ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರೊಂದಿಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಗಾಳಿಯ ಅನುಕೂಲ ನೋಡಿ ಉತ್ತರ ಧ್ರುವದ ಮೇಲಿನಿಂದಲೇ ಹಾರಿ, ಸುಮಾರು 17 ಗಂಟೆಗಳಲ್ಲಿ ಸೋಮವಾರ ನಸುಕಿಗೆ ಬೆಂಗಳೂರಿನಲ್ಲಿ ಇಳಿಸಿದರು. ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಅಲ್ಲಿ ಶನಿವಾರ ರಾತ್ರಿಯಾದಾಗ ಇಲ್ಲಿ ಭಾನುವಾರ ಬೆಳಗಾಗಿತ್ತು. ಹೋಗುವಾಗ ಇದು ತಿರುಗಿ ಬರುತ್ತದೆ. ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ಐದು!

ಇಲ್ಲೇ ತಾಯಂದಿರು ಎಚ್ಚರವಾಗಿರಬೇಕು. ಗೋಡೆ ಗಡಿಯಾರ ಎರಡೂವರೆ ಗಂಟೆ ಎಂದರೂ ದೇಹಕ್ಕೆ ಕಳೆದದ್ದು ಹದಿನಾರು ಗಂಟೆಯೇ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಯಾವಾಗ, ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಪಕ್ಕದವರಿಗೆ ತೊಂದರೆಯೆಂದು ಸಂಕೋಚಪಡದೆ ಎದ್ದು ನಡೆಯಿರಿ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದಿರುವುದು ನಮ್ಮ ಹೆಂಗಸರ ಹಳೆಯ ಅಭ್ಯಾಸ. ವಿಮಾನದಲ್ಲಿ ಅದು ಬೇಡ. ನೇರ ವಿಮಾನ ಸಿಗದೆ ದುಬೈ ದಾರಿಯಾಗಿ ಹೋದರೆ ಆಕಾಶದಲ್ಲೇ ಸುಮಾರು 20 ಗಂಟೆ, ನಡುವೆ ಕಾಯುವುದು ಬೇರೆ.

ನಮಾಝಿನ ಸಮಯವನ್ನು ಕೈಗಡಿಯಾರ ಹೇಳದು, ಕಿಟಕಿಯಾಚೆಯ ಸೂರ್ಯ ಹೇಳಬೇಕು. ಚಳಿಗಾಲದ ಧ್ರುವಪ್ರದೇಶದಲ್ಲಿ ಅವನೂ ಕಾಣಿಸುವುದಿಲ್ಲ. ಆದ್ದರಿಂದ ಆಲಿಮರೊಬ್ಬರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. 2023ರ ಜೂನ್‌ನಲ್ಲಿ ದೆಹಲಿಯಿಂದ ಸಾನ್‌ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಬೇರೆ ವಿಮಾನ ಬರುವ ತನಕ ಪ್ರಯಾಣಿಕರು ಒಂದು ದಿನಕ್ಕೂ ಹೆಚ್ಚು ಅಲ್ಲೇ ಉಳಿದರು. ಮಗಳಿಗೆಂದು ಕಟ್ಟಿದ ಅಂಟಿನುಂಡೆ ದೊಡ್ಡ ಪೆಟ್ಟಿಗೆಯಲ್ಲಿರಲಿ. ನಿಮ್ಮ ಮಾತ್ರೆಗಳು ಮಾತ್ರ, ಎರಡು ದಿನಕ್ಕೆ ಹೆಚ್ಚಾಗಿಯೇ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿರಲಿ.