ರಿಂಗ್ ಕೂರೋ ತನಕ

ಅಪ್ಪನ ಗಾಡಿಯ ಇಂಜಿನ್ ಬೋರಿಗೆ ಬರೋಕೆ ಕಾರಣ ನಾವೇ. ನಾವು ಅಂದ್ರೆ ನಾನು, ನಮ್ಮಕ್ಕ. ಮೊದಲೇ ಹೇಳಿಬಿಡ್ತೀವಿ, ಆಮೇಲೆ ಮುಚ್ಚುಮರೆ ಬೇಡ.

ಹುಣಸೂರಿನಿಂದ ಮೈಸೂರಿಗೆ ವಾಪಸ್ ಬರ್ತಾ ಇದ್ವಿ. ಇಲವಾಲದ ಹತ್ರ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ಎಸಿ ಆಫ್ ಮಾಡಿ, ‘ಇನ್ನೇನು ಮನೆ ಬಂತು’ ಅಂತ ಓಡಿಸಿದ್ವಿ. ಮನೆ ಬಂತು, ಇಂಜಿನ್ ಹೋಯ್ತು. ರೇಡಿಯೇಟರ್ ಹೋಸ್ ಸೀಳಿತ್ತು, ಹೆಡ್ ಬಾಗಿತ್ತು, ಬೋರಿನಲ್ಲಿ ಗೀರು ಬಿದ್ದಿತ್ತು.

ಅಪ್ಪ ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಅವರಿಗೆ ಎಡಗಾಲಿನಲ್ಲಿ ಶಕ್ತಿ ಇಲ್ಲ. ಕ್ಲಚ್ ತುಳಿಯೋಕೆ ಆಗಲ್ಲ ಅಂತಲೇ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಹುಡುಕಿ ತಗೊಂಡಿದ್ದು. ಒಂದೂವರೆ ತಿಂಗಳು ಅಂಗಡಿಗೆ ಆಟೋದಲ್ಲಿ ಓಡಾಡಿದ್ರು. ಸಂಜೆ ಬಂದು ಉಳಿದ ಚಿಲ್ಲರೆ ಎಣಿಸಿ ಟಿವಿ ಪಕ್ಕ ಇಡ್ತಿದ್ರು, ಅಷ್ಟೇ.

ಗ್ಯಾರೇಜಿನ ಭಾಯ್ ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್ ಹಾಕಿದ್ರು. ಗೇರ್‌ಬಾಕ್ಸ್ ಜೋಡಿಸುವಾಗ ನಾವು ಅಲ್ಲೇ ಇದ್ವಿ. ಟಾರ್ಕ್ ಕನ್ವರ್ಟರನ್ನ ಕೈಯಲ್ಲಿ ತಿರುಗಿಸ್ತಾ ಒಳಗೆ ತಳ್ತಾ ಇದ್ರು. ‘ಟಕ್’ ಅಂತು, ಕೂತಿತು ಅಂದ್ಕೊಂಡ್ವಿ. ‘ಇನ್ನೂ ಇದೆ’ ಅಂದ್ರು. ಇನ್ನೊಂದು ಟಕ್ ಬಂದ ಮೇಲೇ ಬೋಲ್ಟ್ ಮುಟ್ಟಿದ್ದು. ಪೂರ್ತಿ ಕೂರದೆ ಬಿಗಿದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ಒಡೆದುಹೋಗುತ್ತೆ. ನಮ್ಮ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗೋದೂ ರೇಡಿಯೇಟರಿನಲ್ಲೇ. ಹಾಗಾಗಿ ನಾವು ಇಂಜಿನ್ ಕಾಯಿಸಿದ ದಿನ ಅದೂ ಸುಟ್ಟು ಕಪ್ಪಾಗಿತ್ತು. ಬಿಲ್ಲಿನಲ್ಲಿ ಇನ್ನೊಂದು ಸಾಲು.

ಗಾಡಿ ಕೊಡುವಾಗ ಭಾಯ್ ಹೇಳಿದ್ರು: ‘ರಿಂಗ್ ಇನ್ನೂ ಕೂತಿಲ್ಲ. ಕೂರಿಸೋದು ನಿಮ್ ಕೆಲಸ. 500 ಕಿಲೋಮೀಟರ್ ಆದ್ಮೇಲೆ ಬನ್ನಿ.’

ಹೊಸ ಇಂಜಿನ್ನನ್ನ ಮಗು ಥರ ಮೆತ್ತಗೆ ಓಡಿಸಬೇಕು ಅಂತ ನಾವು ನಂಬಿದ್ವಿ. ತಪ್ಪು. ಸಿಲಿಂಡರ್ ಗೋಡೆಯಲ್ಲಿ ಹೋನ್ ಮಾಡಿದ ಸಣ್ಣ ಅಡ್ಡಗೀರುಗಳಿರುತ್ತವೆ. ಉರಿದ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತಬೇಕು. ಆಗಲೇ ಎರಡೂ ಸವೆದು ಒಂದಕ್ಕೊಂದು ಹೊಂದೋದು. ಲೋಡ್ ಇಲ್ಲದೆ ನಿಂತಲ್ಲೇ ಗುರ್ ಅನ್ನಿಸ್ತಾ ಇದ್ರೆ ಗೋಡೆ ನುಣುಪಾಗಿಬಿಟ್ಟು, ಗಾಡಿ ಮುಂದೆ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ. ಹಾಗಂತ ರೆಡ್‌ಲೈನ್ ತನಕ ಎಳೆಯೋ ಹಾಗೂ ಇಲ್ಲ. ತುಳಿದು ವೇಗ ಏರಿಸಬೇಕು, ಆಮೇಲೆ ಕಾಲು ಪೂರ್ತಿ ತೆಗೆದು ಇಂಜಿನ್ನೇ ಗಾಡಿಯನ್ನ ಹಿಡಿಯೋಕೆ ಬಿಡಬೇಕು, ಮತ್ತೆ ತುಳಿಯಬೇಕು. (ಇದೆಲ್ಲ ನಮ್ಮ ಸಿಲಬಸ್‌ನಲ್ಲೂ ಇದೆ, ಇಂಗ್ಲಿಷ್‌ನಲ್ಲಿ. ತಲೆಗೆ ಹೋಗಿದ್ದು ಭಾಯ್ ಮಾತಲ್ಲಿ.)

ಆಟೋಮ್ಯಾಟಿಕ್ಕಿನ ತಾಪತ್ರಯ ಇಲ್ಲೇ. ಡಿಯಲ್ಲಿ ಕಾಲು ತೆಗೆದರೆ ಮೇಲಿನ ಗೇರಿಗೆ ಹೋಗಿ ಹಾಯಾಗಿ ತೇಲುತ್ತೆ, ಇಂಜಿನ್ ಹಿಡಿಯೋದೇ ಇಲ್ಲ. ಜೋರಾಗಿ ಒತ್ತಿದರೆ ಕೆಳಗಿನ ಗೇರಿಗೆ ಹಾರಿ ಕಿರುಚುತ್ತೆ. ಅದಕ್ಕೆ ಲಿವರ್ 2ಕ್ಕೆ ಎಳೆದು, ನಿಧಾನಕ್ಕೆ ಒತ್ತುತ್ತಾ 30ರಿಂದ 55, ಮತ್ತೆ ಬಿಟ್ಟು 30. ಒಬ್ಬರು ಓಡಿಸೋದು, ಇನ್ನೊಬ್ಬರು ಮುಳ್ಳು ನೋಡೋದು. ಹೌದು, ಈಗ ನೋಡ್ತೀವಿ.

ಬೆಳಗ್ಗೆ ಆರಕ್ಕೇ ನಂಜನಗೂಡು ರಸ್ತೆ ಹಿಡಿದ್ವಿ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿ ಕಡಕೊಳ ಬರೋದ್ರೊಳಗೆ ಹಿಂದಿನ ಬಸ್ಸಿನವರು ಹಾರನ್ ಹೊಡೆದು ಹೊಡೆದು ಸಾಕಾದ್ರು. ಬ್ರೇಕ್ ಮುಟ್ಟದೆ ನಿಧಾನ ಆಗ್ತೀವಲ್ಲ, ಹಿಂದೆ ಕೆಂಪು ದೀಪ ಹತ್ತಲ್ಲ. ಪಾಪ, ಅವರಿಗೆ ಹೇಗೆ ಗೊತ್ತಾಗ್ಬೇಕು? ಆಮೇಲೆ ಯಾರಾದ್ರೂ ಹಿಂದೆ ಬಂದ್ರೆ ಕೈ ಆಚೆ ಹಾಕಿ ಮುಂದೆ ಬಿಡ್ತಾ ಇದ್ವಿ. ಮೊದಲ ದಿನ ಸೈಲೆನ್ಸರಿನಿಂದ ತೆಳು ನೀಲಿ ಹೊಗೆ ಬರ್ತಿತ್ತು. ಪ್ರತಿ ಸಲ ನಿಲ್ಲಿಸಿದಾಗಲೂ ಇಳಿದು ನೋಡ್ತಿದ್ವಿ. ಐದನೇ ದಿನ ಕಾಣಿಸಲಿಲ್ಲ. ಇಬ್ಬರೂ ಏನೂ ಮಾತಾಡದೆ ಒಂದೊಂದು ಟೀ ಕುಡಿದ್ವಿ.

500ಕ್ಕೆ ಆಯಿಲ್ ಇಳಿಸಿದಾಗ ಟ್ರೇ ತುಂಬ ಸಣ್ಣ ಮಿನುಗು. ಎದೆ ಧಸಕ್ ಅಂತು. ಭಾಯ್ ಬೆರಳಲ್ಲಿ ಉಜ್ಜಿ ನೋಡಿ, ಮರಳಿನ ಥರ ಚುಚ್ಚದಿದ್ರೆ ಪರವಾಗಿಲ್ಲ, ರಿಂಗ್ ಸವೆದು ಕೂತಿರೋ ಪುಡಿ ಇದು ಅಂದ್ರು.

ಮಾರನೇ ದಿನ ಅಪ್ಪ ಬಂದು ಡ್ರೈವರ್ ಸೀಟಿನಲ್ಲಿ ಕೂತ್ರು. ಜೇಬಿನಿಂದ ಅಮ್ಮನ ಸ್ಟಿಕ್ಕರ್ ಬಿಂದಿಯ ಪ್ಯಾಕೆಟ್ ತೆಗೆದು, ಒಂದನ್ನ ಟೆಂಪರೇಚರ್ ಮುಳ್ಳಿನ ಗಾಜಿನ ಮೇಲೆ, ಅರ್ಧಕ್ಕಿಂತ ಚೂರು ಮೇಲೆ ಅಂಟಿಸಿದ್ರು.

‘ಇದನ್ನ ದಾಟಿದ್ರೆ ನಿಲ್ಸಿ,’ ಅಂದ್ರು. ‘ಮನೆ ಎಲ್ಲೂ ಓಡಿ ಹೋಗಲ್ಲ.’

ಆಮೇಲೆ ಲಿವರನ್ನ ಡಿಗೆ ಹಾಕ್ಕೊಂಡು ಅಂಗಡಿಗೆ ಹೊರಟ್ರು.