ಓದುವ ತಿರುಮಲಮ್ಮ

ಪಿತೃತರ್ಪಣದ ಕ್ರಮವು ವಾಚಕರಲ್ಲಿ ಅನೇಕರಿಗೆ ವಿದಿತವೇ ಆಗಿದೆ. ಮೊದಲು ತಂದೆ, ಅಜ್ಜ, ಮುತ್ತಜ್ಜ. ಆಮೇಲೆ ತಾಯಿ, ಅಜ್ಜಿ, ಮುತ್ತಜ್ಜಿ. ಅನಂತರ ತಾಯಿಯ ತವರಿನ ಹಿರಿಯರು. ಗೋತ್ರವನ್ನೂ ಹೆಸರನ್ನೂ ಉಚ್ಚರಿಸಿ ಒಬ್ಬೊಬ್ಬರಿಗೂ ಎಳ್ಳುನೀರು ಬಿಡುವುದು ಸಂಪ್ರದಾಯ. ಮೂರು ತಲೆಗಳಿಂದ ಮೇಲಿನವರಿಗೆ ಶಾಸ್ತ್ರವು 'ಲೇಪಭಾಗಿಗಳು' ಎಂಬ ಸಾಮಾನ್ಯನಾಮವೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ಪಿಂಡವನ್ನಿಟ್ಟ ಕೈಗೆ ಅಂಟಿದ ಅನ್ನದ ಲೇಪವಷ್ಟೇ ಅವರ ಪಾಲು. ಗಂಡಸರ ವಿಷಯದಲ್ಲಿ ಈ ಮರೆವಿಗೆ ಪರಿಹಾರಗಳುಂಟು. ಮನೆಯ ವಂಶಾವಳಿ, ಮಾನ್ಯದ ಪತ್ರ, ಶಾನುಭೋಗರ ಲೆಕ್ಕ, ಇವುಗಳಲ್ಲೆಲ್ಲಾ ಅವರ ಹೆಸರು ಎಲ್ಲಿಯಾದರೂ ಸಿಕ್ಕೀತು. ಹೆಂಗಸರ ಸ್ಥಿತಿಯು ಹಾಗಲ್ಲ. ಅವರ ಹೆಸರಿಗೆ ಆ ಮೂರು ಬೊಗಸೆಯ ನೀರೇ ಕೊನೆಯ ಆಶ್ರಯ. ನಮ್ಮ ಕಡೆಯ ಹಲವು ಮನೆಗಳಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರನ್ನಿಡುತ್ತಿದ್ದುದರಿಂದ, ಹುಟ್ಟಿದ ಮನೆಯ ಹೆಸರು ಆಕೆ ಬದುಕಿರುವಾಗಲೇ ಮರೆಯಾಗುತ್ತಿತ್ತು.

ಕಡ್ಡಿರಾಂಪುರದ ನಮ್ಮ ಮನೆಯಲ್ಲಿ ಏಳು ತಲೆಮಾರುಗಳ ವಂಶಾವಳಿಯೊಂದು ಉಂಟು. ನಿವೃತ್ತನಾದ ಮೇಲೆ ದೊರೆತ ವಿರಾಮದಲ್ಲಿ ಅದನ್ನು ಒಳ್ಳೆಯ ಕಾಗದದ ಮೇಲೆ ಪ್ರತಿಮಾಡತೊಡಗಿದೆನು. ಅದರಲ್ಲಿ ಪ್ರತಿಯೊಬ್ಬ ಗಂಡಸಿನ ಪಕ್ಕದಲ್ಲಿಯೂ 'ಇವರ ಧರ್ಮಪತ್ನಿ' ಎಂದಿದೆ, ಹೆಸರಿಲ್ಲ. ನನ್ನ ಅಜ್ಜಿ ಕಂಪ್ಲಿಯ ಕಡೆಯಿಂದ ಬಂದವಳು. ಲಕ್ಷ್ಮೀಶನ ಜೈಮಿನಿ ಭಾರತವು ಆಕೆಗೆ ಬಹುಭಾಗ ಬಾಯಿಗೆ ಬರುತ್ತಿತ್ತು. ಶ್ರಾವಣಮಾಸದಲ್ಲಿ ಪಡಸಾಲೆಯಲ್ಲಿ ಕಾವ್ಯವನ್ನೋದುವವರು ಒಂದು ಶಬ್ದವನ್ನು ಬಿಟ್ಟರೆ, ಒಳಗೆ ಒಲೆಯ ಮುಂದೆ ಕುಳಿತಿದ್ದ ಆಕೆ ಆ ಶಬ್ದವನ್ನು ಅಲ್ಲಿಂದಲೇ ತುಂಬಿಕೊಡುತ್ತಿದ್ದಳೆಂದು ನನ್ನ ತಂದೆಯವರು ಹೇಳುತ್ತಿದ್ದರು. ವಂಶಾವಳಿಯಲ್ಲಿ ಆಕೆಯೂ 'ಇವರ ಧರ್ಮಪತ್ನಿ'ಯೇ. ಕೇಳಿ ತಿಳಿದು ಮೂರು ತಲೆಗಳ ಹೆಂಗಸರ ಹೆಸರುಗಳನ್ನು ತುಂಬಿದೆನು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ.

ಆಗ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಎದ್ದಿತು. ನನ್ನ ಅಜ್ಜಿಯಲ್ಲಿದ್ದ ವಿದ್ಯೆಯು ಆಕೆಗೆ ಎಲ್ಲಿಂದ ಬಂತು? ದೇಹಕ್ಕೆ ವಂಶವಿರುವಂತೆ ಓದಿಗೂ ಒಂದು ವಂಶವಿರಬೇಕಲ್ಲವೇ? ಇದ್ದರೆ, ನಮ್ಮ ಈ ಸೀಮೆಯಲ್ಲಿ ಆ ವಂಶದ ಮೂಲಸ್ತ್ರೀ ಯಾರು? ಈ ಪ್ರಶ್ನೆಗೆ ಉತ್ತರವು ನಮ್ಮ ಊರಿನಿಂದ ಕಾಲ್ನಡಿಗೆಯಷ್ಟೇ ದೂರದಲ್ಲಿ, ಹಂಪೆಯ ವಿಠಲನ ಗುಡಿಯಲ್ಲಿ, ಕಲ್ಲಿನ ಮೇಲಿದೆ.

ನಮ್ಮ ಸೀಮೆಯಲ್ಲಿ ಹೆಂಗಸರ ಹೆಸರುಗಳಿಗೆ ಬಡತನವೇನೂ ಇಲ್ಲ. ಕೃಷ್ಣದೇವರಾಯನು ಕಟ್ಟಿಸಿದ ಇಂದಿನ ಹೊಸಪೇಟೆಗೆ ನಾಗಲೆಯ ಹೆಸರಿನಿಂದ ನಾಗಲಾಪುರವೆಂಬ ನಾಮವಿತ್ತು. ಕಮಲಾಪುರದ ಬಳಿಯ ಪಟ್ಟಾಭಿರಾಮನ ಗುಡಿಯಿರುವ ಪೇಟೆಯು ಅಚ್ಯುತರಾಯನ ರಾಣಿಯ ಹೆಸರಿನಲ್ಲಿ ವರದಾದೇವಿ ಅಮ್ಮನ ಪಟ್ಟಣವೆನಿಸಿತ್ತು. ಆದರೆ ಇವೆಲ್ಲವೂ ಅರಸರು ಪ್ರೀತಿಯಿಂದಲೋ ಗೌರವದಿಂದಲೋ ಇಟ್ಟ ಹೆಸರುಗಳು. ತಾನು ಮಾಡಿದ ಕೆಲಸದ ಮೇಲೆ ತಾನೇ ಹೆಸರು ಹಾಕಿದ ಹೆಂಗಸು ಬೇರೆ.

ವಿರೂಪಾಕ್ಷನ ರಥಬೀದಿಯಿಂದ ಪೂರ್ವಕ್ಕೆ ಹೊಳೆಯ ದಂಡೆಯನ್ನು ಹಿಡಿದು, ಕೋದಂಡರಾಮನ ಗುಡಿಯನ್ನು ದಾಟಿ, ರಾಜರ ತುಲಾಭಾರದ ಕಲ್ಲುಕಂಬಗಳನ್ನು ಕಳೆದರೆ ವಿಠಲನ ಗುಡಿಯು ಸಿಕ್ಕುತ್ತದೆ. ಯಾತ್ರಿಕರು ಅಲ್ಲಿ ಕಲ್ಲಿನ ರಥವನ್ನೂ ಸಂಗೀತದ ಕಂಬಗಳನ್ನೂ ನೋಡಿ ಹಿಂದಿರುಗುತ್ತಾರೆ. ಆ ಗುಡಿಯ ಶಾಸನಗಳಲ್ಲಿ ಅಚ್ಯುತರಾಯನು ಮಾಡಿದ ದಾನವನ್ನು ಕೀರ್ತಿಸುವ ಸಂಸ್ಕೃತಪದ್ಯವೊಂದು ಇದೆ. ಅದನ್ನು ರಚಿಸಿದವಳು 'ಓದುವ ತಿರುಮಲಮ್ಮ'. ಅಚ್ಯುತನು ಆಳಿದ್ದು 1529ರಿಂದ 1542ರವರೆಗೆ; ಆದಕಾರಣ ಆಕೆಯ ಕಾಲವೂ ಅದೇ.

ಈ ಹೆಸರಿನಲ್ಲಿರುವ 'ಓದುವ' ಎಂಬ ವಿಶೇಷಣವನ್ನು ಸ್ವಲ್ಪ ವಿಚಾರಿಸಬೇಕು. ಪದ್ಯವು ಗೀರ್ವಾಣಭಾಷೆಯದು, ಕವಯಿತ್ರಿಯ ಬಿರುದು ಮಾತ್ರ ಮನೆಮಾತಿನದು. ವಿದುಷಿ, ಸರಸ್ವತಿ, ಭಾರತಿ ಮೊದಲಾದ ಶಬ್ದಗಳು ಆಕೆಗೆ ದೊರೆಯದೆ ಇರಲಿಲ್ಲ. ಆದರೂ ಜನರು ಆಕೆಯನ್ನು ಕರೆಯುತ್ತಿದ್ದುದು ಆಕೆಯ ವೃತ್ತಿಯಿಂದ. ಆ ಕಾಲದಲ್ಲಿ ಓದುವುದೆಂದರೆ ಇಂದಿನಂತೆ ಒಬ್ಬರೇ ಕುಳಿತು ಕಣ್ಣು ಹಾಯಿಸುವುದಲ್ಲ. ಸಭೆಯು ಕೇಳುವಂತೆ ಗಟ್ಟಿಯಾಗಿ, ಪದವಿಭಾಗವು ಕೆಡದಂತೆ ವಾಚನಮಾಡುವುದು. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರಿಗೆ ಇಂದಿಗೂ 'ಓದುವಾರ್' ಎಂಬ ಹೆಸರಿರುವುದನ್ನು ಇದರೊಂದಿಗೆ ನೆನೆಯಬಹುದು. ಕಾವ್ಯವನ್ನು ಬರೆಯುವುದಕ್ಕಿಂತ ಮೊದಲು, ಇತರರ ಕಾವ್ಯಕ್ಕೆ ಧ್ವನಿಯನ್ನು ಕೊಟ್ಟವಳು ಈಕೆ ಎಂದು ಹೆಸರೇ ಸಾರುತ್ತದೆ.

ಈ ತಿರುಮಲಮ್ಮನೂ, 'ವರದಾಂಬಿಕಾ ಪರಿಣಯ ಚಂಪೂ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ತಿರುಮಲಾಂಬೆಯೂ ಒಬ್ಬಳೇ ಎಂದು ಚರಿತ್ರಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಗದ್ಯಪದ್ಯಗಳೆರಡೂ ಬೆರೆತ ಆ ಗ್ರಂಥವು ತುಳುವ ವಂಶದ ವರ್ಣನೆಯಿಂದ ಮೊದಲಾಗುತ್ತದೆ. ನರಸನಾಯಕನ ದಕ್ಷಿಣದಿಗ್ವಿಜಯ, ಓಬಮಾಂಬೆಯೊಡನೆ ಅವನ ವಿವಾಹ, ಅಚ್ಯುತನ ಜನನ, ಪಟ್ಟಾಭಿಷೇಕ, ಸಲಕ ವಂಶದ ವರದಾಂಬಿಕೆಯೊಡನೆ ಅವನ ಪರಿಣಯ, ಕಡೆಗೆ ಅವರ ಮಗ ವೆಂಕಟಾದ್ರಿಯ ಯೌವರಾಜ್ಯ, ಇದು ಕಥೆಯ ಸರಣಿ. ಸಮಾಸಗಳ ದೈರ್ಘ್ಯದಲ್ಲಿ ಈಕೆ ಬಾಣಭಟ್ಟನ ದಾರಿಯನ್ನು ಹಿಡಿದವಳು. ಕಾಂಚೀಪುರದ ಸುತ್ತಣ ತೊಂಡೈಮಂಡಲವನ್ನು ವರ್ಣಿಸುವ ಒಂದೇ ಸಮಾಸಪದವು 195 ಅಕ್ಷರಗಳಷ್ಟು ಉದ್ದವಾಗಿದ್ದು, ಜಗತ್ತಿನ ಸಾಹಿತ್ಯದಲ್ಲಿಯೇ ಅತಿದೀರ್ಘವಾದ ಪದವೆಂದು ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿತು. ದಾಖಲೆಯ ಮಾತು ಹಾಗಿರಲಿ. ಅಂಥದೊಂದು ಪದವನ್ನು ಉಸಿರು ಕಟ್ಟದೆ, ಅರ್ಥವು ಕಲಸದೆ ಸಭೆಯಲ್ಲಿ ಉಚ್ಚರಿಸಬೇಕಾದರೆ ಎಂಥ ಅಭ್ಯಾಸವು ಬೇಕೆಂಬುದನ್ನು ಪಾಠಶಾಲೆಯಲ್ಲಿ ಕಾದಂಬರಿಯ ಪಂಕ್ತಿಗಳಿಗೆ ಅನ್ವಯವನ್ನು ಹೇಳಲು ತಡವರಿಸಿದವರೆಲ್ಲರೂ ಬಲ್ಲರು. ಕಿವಿಯಲ್ಲಿ ಪಳಗಿದವಳು ಮಾತ್ರ ಹಾಗೆ ಬರೆಯಬಲ್ಲಳು.

ಈ ಗ್ರಂಥವು ಉಳಿದು ಬಂದ ದಾರಿಯೂ ಗಮನಾರ್ಹವಾಗಿದೆ. 1565ರ ಯುದ್ಧದ ಅನಂತರ ವಿಜಯನಗರವು ಹಾಳಾಯಿತು. ಆದರೆ ಚಂಪುವಿನ ಹಸ್ತಪ್ರತಿಯು ದೂರದ ತಂಜಾವೂರಿನ ಸರಸ್ವತೀ ಮಹಲ್ ಗ್ರಂಥಾಲಯದಲ್ಲಿ ಉಳಿಯಿತು. ಅದನ್ನು ಪರಿಷ್ಕರಿಸಿದವರು ಲಾಹೋರಿನಲ್ಲಿದ್ದ ಪಂಡಿತ ಲಕ್ಷ್ಮಣ ಸರೂಪರು. ಅಚ್ಚಾದದ್ದೂ ಆ ಊರಿನಲ್ಲಿಯೇ. 1970ರಲ್ಲಿ ಸೂರ್ಯಕಾಂತರ ಇಂಗ್ಲಿಷ್ ಅನುವಾದವು ವಾರಾಣಸಿಯಿಂದ ಹೊರಟಿತು. ತುಂಗಭದ್ರೆಯ ದಂಡೆಯ ಹೆಣ್ಣುಮಗಳ ಮಾತು ಕಾವೇರಿ, ರಾವಿ, ಗಂಗೆಗಳ ದಂಡೆಗಳನ್ನು ಸುತ್ತಿ ನಮ್ಮ ಕೈಗೆ ಬಂತು.

ಇನ್ನು ಆಕೆಯ ಕುಲಕುಟುಂಬಗಳ ವಿಚಾರ. ಗ್ರಂಥಾಂತ್ಯದ ಗದ್ಯದಲ್ಲಿ ಆಕೆ ತನ್ನ ಜ್ಞಾಪಕಶಕ್ತಿಯನ್ನೂ, ಕಾವ್ಯನಾಟಕಾದಿಗಳ ಪರಿಚಯವನ್ನೂ, ಅಚ್ಯುತರಾಯನ ಪ್ರೀತಿವಿಶ್ವಾಸಗಳಿಗೆ ತಾನು ಪಾತ್ರಳೆಂಬುದನ್ನೂ ಹೇಳಿಕೊಂಡಿದ್ದಾಳೆ. ಈ ಕಡೆಯ ಮಾತನ್ನು ಹಿಡಿದು ಕೆಲವರು ಆಕೆ ಅಚ್ಯುತನ ರಾಣಿಯರಲ್ಲೊಬ್ಬಳೆಂದು ನಿರ್ಣಯಿಸಿದರು. ಇತರರು ಆಸ್ಥಾನದಲ್ಲಿ ಕಾವ್ಯವಾಚನದ ಅಧಿಕಾರವಿದ್ದ ವಿದುಷಿಯೆಂದರು. ನನಗೆ ಎರಡನೆಯ ಪಕ್ಷವೇ ಹಿತವಾಗಿ ತೋರುತ್ತದೆ. ರಾಣಿಯ ಹೆಸರನ್ನು ಶಾಸನದಲ್ಲಿ ಕೆತ್ತುವವರು 'ಅರಸಿ' ಎಂದೋ 'ದೇವಿ' ಎಂದೋ ಬರೆಯದೆ 'ಓದುವ' ಎಂದೇಕೆ ಬರೆದಾರು? ವಿದ್ಯಾವತಿಯೊಬ್ಬಳ ಹೆಸರು ಸಿಕ್ಕಿದೊಡನೆ 'ಯಾರ ಹೆಂಡತಿ?' ಎಂದು ಕೇಳುವ ಅಭ್ಯಾಸವು ನಮ್ಮದು. ನಮ್ಮ ಮನೆಯ ವಂಶಾವಳಿಯನ್ನು ಬರೆದ ಹಿರಿಯರಿಗೂ ಆ ಪ್ರಶ್ನೆಯೊಂದೇ ಸಾಕಾಗಿತ್ತು.

ಆಸ್ಥಾನದಲ್ಲಿ ಅಕ್ಷರಬಲ್ಲ ಸ್ತ್ರೀಯರು ಇದ್ದರೇ ಎಂಬ ಸಂದೇಹಕ್ಕೆ ಎಡೆಯಿಲ್ಲ. ಅಚ್ಯುತರಾಯನ ಕಾಲದಲ್ಲಿಯೇ, ಸುಮಾರು 1535ರಲ್ಲಿ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ತಾನು ಕಂಡು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಅರಮನೆಯ ಬಾಗಿಲುಗಳ ಒಳಗಣ ವೆಚ್ಚದ ಲೆಕ್ಕವನ್ನು ಹೆಂಗಸರು ಬರೆಯುತ್ತಿದ್ದರು. ರಾಜ್ಯದ ವ್ಯವಹಾರಗಳನ್ನು ಬರೆದುಕೊಂಡು ಹೊರಗಣ ಲೇಖಕರ ಪುಸ್ತಕಗಳೊಡನೆ ತಾಳೆನೋಡುವ ಹೆಂಗಸರು ಬೇರೆ ಇದ್ದರು. ಜ್ಯೋತಿಷ್ಯವನ್ನು ಬಲ್ಲವರೂ ಮಲ್ಲಯುದ್ಧವನ್ನು ಮಾಡುವವರೂ ಅವರಲ್ಲಿದ್ದರು. 1900ರಲ್ಲಿ ರಾಬರ್ಟ್ ಸಿವೆಲ್ಲರು ಈ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಗಂಡಸರ ಲೆಕ್ಕವನ್ನು ಹೆಂಗಸರು ತಾಳೆನೋಡುತ್ತಿದ್ದ ಅರಮನೆಯಲ್ಲಿ, ಕಾವ್ಯವನ್ನು ಓದುವುದಕ್ಕೂ ರಚಿಸುವುದಕ್ಕೂ ಒಬ್ಬ ತಿರುಮಲಮ್ಮನಿದ್ದುದು ಆಶ್ಚರ್ಯವಲ್ಲ.

ಅದೇ ಆಸ್ಥಾನದಲ್ಲಿ ಅಚ್ಯುತನ ಚರಿತ್ರೆಯನ್ನೇ ವಸ್ತುವಾಗಿ ಮಾಡಿಕೊಂಡು 'ಅಚ್ಯುತರಾಯಾಭ್ಯುದಯ'ವನ್ನು ಬರೆದ ರಾಜನಾಥ ಡಿಂಡಿಮನೆಂಬ ಕವಿಯೂ ಇದ್ದನು. ಅವನ ಕುಲವನ್ನು ವಿದ್ವಾಂಸರು ತಲೆತಲೆಯಾಗಿ ಎಣಿಸಬಲ್ಲರು. ಮುಳ್ಳಂಡ್ರಮ್ ಅವರ ಊರು. 'ಡಿಂಡಿಮ'ವೆಂಬುದು ಮನೆತನದ ಬಿರುದು. ಅರುಣಗಿರಿನಾಥನೇ ಮೊದಲಾದ ಕವಿಗಳು ಅವನ ಪೂರ್ವಜರು. ಒಬ್ಬನೇ ಅರಸನನ್ನು ಕುರಿತು ಇಬ್ಬರು ಬರೆದರು. ಒಬ್ಬನಿಗೆ ಕವಿವಂಶವೇ ಬೆನ್ನಿಗಿದೆ. ಮತ್ತೊಬ್ಬಳಿಗೆ 'ಓದುವ' ಎಂಬ ಮೂರಕ್ಷರವೇ ತವರು, ಅದೇ ಅತ್ತೆಯ ಮನೆ. ವಂಶವೃಕ್ಷವನ್ನು ಕಲ್ಪಿಸಿ ಆಕೆಯ ಸುತ್ತ ನೆಡುವುದು ಸುಲಭ. ನಾಟಕಕಾರರಿಗೆ ಅದು ಸಲ್ಲಬಹುದು, ಮೊಮ್ಮಕ್ಕಳಿಗೆ ಸಲ್ಲದು. ಹಿರಿಯರನ್ನು ನೆನೆಯುವವನು ಅವರ ಮೇಲೆ ಸುಳ್ಳನ್ನು ಹೊರಿಸಬಾರದು.

ಆಕೆ ಹಾಡಿದ ಮನೆತನದ ಗತಿಯಾದರೂ ಏನಾಯಿತು? 1542ರಲ್ಲಿ ಅಚ್ಯುತನು ತೀರಿಕೊಂಡನು. ಮಗ ವೆಂಕಟನಿಗೆ ಪಟ್ಟವಾಯಿತು. ಅಧಿಕಾರವನ್ನು ಕೈಗೆ ತೆಗೆದುಕೊಂಡವನು ವರದಾಂಬಿಕೆಯ ಒಡಹುಟ್ಟಿದ ಸಲಕ ತಿರುಮಲ. ಮಗನ ಪ್ರಾಣಕ್ಕೆ ಅಂಜಿದ ಆ ತಾಯಿಯು ಬಿಜಾಪುರದ ಆದಿಲ್ ಶಹನ ನೆರವನ್ನು ಬೇಡಿದಳು, ಅದೂ ಫಲಿಸಲಿಲ್ಲ. ಸೋದರಮಾವನೇ ಬಾಲಕನನ್ನು ಕೊಲ್ಲಿಸಿದನು. ಆಮೇಲೆ ಅಳಿಯ ರಾಮರಾಯನು ಅವನನ್ನು ನಿಗ್ರಹಿಸಿ ಸದಾಶಿವರಾಯನನ್ನು ಸಿಂಹಾಸನಕ್ಕೆ ತಂದನು. ಚಂಪುವಿನ ಕೊನೆಯಲ್ಲಿ ಯುವರಾಜನಾಗಿ ಬೆಳಗುವ ಬಾಲಕನಿಗೆ ಸಂತಾನವೇ ಇಲ್ಲದೆ ಹೋಯಿತು. ಮಾತಂಗಪರ್ವತದ ತಪ್ಪಲಿನಲ್ಲಿ ಸಲಕ ವಂಶದ ಹಿರಿಯ ತಿರುಮಲರಾಜನು 1534ರಲ್ಲಿ ಕಟ್ಟಿಸಿದ ತಿರುವೆಂಗಳನಾಥನ ಗುಡಿಯಲ್ಲಿ ಇಂದು ಪೂಜೆಯಿಲ್ಲ. ಕುಲವನ್ನು ಹಾಡಿಸಿಕೊಂಡವರ ಕುಲವು ಅಳಿಯಿತು. ಕುಲವನ್ನೇ ಹೇಳಿಕೊಳ್ಳದವಳ ಮಾತು ಉಳಿಯಿತು.

ಆಕೆಗೆ ಹಿಂದೆಯೂ ಮುಂದೆಯೂ ಒಂದು ಪರಂಪರೆಯು ಇದ್ದೇ ಇದೆ. ಬುಕ್ಕರಾಯನ ಸೊಸೆಯೂ ಕುಮಾರ ಕಂಪಣನ ಪತ್ನಿಯೂ ಆದ ಗಂಗಾದೇವಿಯು 14ನೆಯ ಶತಮಾನದಲ್ಲಿ 'ಮಧುರಾವಿಜಯ'ವನ್ನು ಬರೆದಳು. ಅದರ ಹಸ್ತಪ್ರತಿಯು 1916ರಲ್ಲಿ ತಿರುವನಂತಪುರದಲ್ಲಿ ಕಂಡುಬಂದು, 1924ರಲ್ಲಿ ಅಚ್ಚಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು 'ಹದಿಬದೆಯ ಧರ್ಮ'ವನ್ನು ರಚಿಸಿ, ತನ್ನ ಊಳಿಗದ ಹೆಸರಿನಿಂದಲೇ ಸಂಚಿಯ ಹೊನ್ನಮ್ಮನಾದಳು. ಇತ್ತೀಚಿನ ಕಾಲದಲ್ಲಿ ನಂಜನಗೂಡಿನ ತಿರುಮಲಾಂಬಾ ಅವರು (1887–1982) ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿ, ತಂದೆಯ ಆಶ್ರಯದಲ್ಲಿ ಓದಿ, 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಹೆಸರೂ ಒಂದೇ, ಹವ್ಯಾಸವೂ ಒಂದೇ. ನಡುವೆ ಸುಮಾರು ನಾಲ್ಕು ಶತಮಾನಗಳ ಅಂತರ. ರಕ್ತಸಂಬಂಧವನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ರಕ್ತಸಂಬಂಧವಿಲ್ಲದವರನ್ನು ಪೂರ್ವಜರೆಂದು ಎಣಿಸುವುದು ಶಾಸ್ತ್ರಸಮ್ಮತವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಉತ್ತರವು ನಾವು ಋಗ್ವೇದಿಗಳು ಅನುಸರಿಸುವ ಆಶ್ವಲಾಯನ ಗೃಹ್ಯಸೂತ್ರದಲ್ಲಿಯೇ ಇದೆ. ಬ್ರಹ್ಮಯಜ್ಞದಲ್ಲಿ ಪಿತೃಗಳಿಗಿಂತ ಮೊದಲು ಋಷಿಗಳನ್ನೂ ಆಚಾರ್ಯರನ್ನೂ ತೃಪ್ತಿಪಡಿಸಬೇಕೆಂಬ ವಿಧಿಯಿದೆ. ಆ ಪಟ್ಟಿಯಲ್ಲಿ ಗಾರ್ಗೀ ವಾಚಕ್ನವೀ, ವಡವಾ ಪ್ರಾತಿಥೇಯೀ, ಸುಲಭಾ ಮೈತ್ರೇಯೀ ಎಂಬ ಮೂವರು ಸ್ತ್ರೀಯರ ಹೆಸರುಗಳಿವೆ. ಇವರಾರೂ ನಮ್ಮ ಗೋತ್ರದ ಅಜ್ಜಿಯರಲ್ಲ. ಇವರಿಗೆ ಮೂರು ತಲೆಗಳ ಮಿತಿಯೂ ಇಲ್ಲ. ಇವರು ಯಾರ ಧರ್ಮಪತ್ನಿಯರೆಂದು ಸೂತ್ರಕಾರನು ಅಲ್ಲಿ ಹೇಳಲು ಹೋಗುವುದಿಲ್ಲ. ವಿದ್ಯೆಯನ್ನು ಉಳಿಸಿದವರೆಂಬ ಒಂದೇ ಅರ್ಹತೆಯಿಂದ ಸಾವಿರಾರು ವರ್ಷಗಳ ಅನಂತರವೂ ಅವರ ಹೆಸರಿನಲ್ಲಿ ನೀರು ಬೀಳುತ್ತಿದೆ. ದೇಹದ ಋಣಕ್ಕೆ ಒಂದು ಲೆಕ್ಕ, ಓದಿನ ಋಣಕ್ಕೆ ಬೇರೊಂದು ಲೆಕ್ಕ ಎಂಬುದನ್ನು ಹಿರಿಯರು ಎಂದೋ ಕಂಡುಕೊಂಡಿದ್ದರು.

ಈ ನ್ಯಾಯದಂತೆ ಓದುವ ತಿರುಮಲಮ್ಮನು ನಮ್ಮ ಸೀಮೆಯ ಪ್ರತಿಯೊಂದು ಓದುವ ಮನೆಗೂ ಹಿರಿಯಳಾಗುತ್ತಾಳೆ. ಒಲೆಯ ಮುಂದಿನಿಂದ ಜೈಮಿನಿಯ ಶಬ್ದವನ್ನು ತುಂಬಿಕೊಡುತ್ತಿದ್ದ ನನ್ನ ಅಜ್ಜಿಯೂ ಅದೇ ವಂಶದವಳು. ವಾಚಕರಲ್ಲಿ ಯಾರಾದರೂ ತಮ್ಮ ಮನೆಯ ವಂಶಾವಳಿಯನ್ನು ಬರೆಯುವುದಾದರೆ, ಹೆಂಗಸರ ಹೆಸರಿನೊಂದಿಗೆ ಅವರು ಏನನ್ನು ಬಲ್ಲವರಾಗಿದ್ದರು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಲಿ: ಓದುವ, ಹಾಡುವ, ಲೆಕ್ಕ ಬರೆಯುವ, ಮದ್ದು ಕೊಡುವ, ಹೀಗೆ. ಬಲ್ಲವರು ಬದುಕಿರುವಾಗಲೇ ಕೇಳಿ ಬರೆಯಬೇಕು. ವಿಠಲನ ಗುಡಿಯ ಕಲ್ಲು ಒಬ್ಬಳಿಗೆ ಮಾಡಿದ ಉಪಕಾರವನ್ನು ನಮ್ಮ ಮನೆಯ ಕಾಗದವು ಉಳಿದವರಿಗೆ ಮಾಡಬಲ್ಲದು.