ಅನುಪಾನ

ಫ್ರಾನ್ಸ್ ದೇಶದ ನಾಂತ್ ಪಟ್ಟಣದ ಸುತ್ತಣ ಮನೆಗಳಲ್ಲಿ ಬೆಣ್ಣೆಯಲ್ಲಿ ಪಾಕಗೊಳಿಸಿದ ಮೀನಿನೊಡನೆ 'ಮಸ್ಕದೆ' ಎಂಬ ಬಿಳಿಯ ದ್ರಾಕ್ಷಾಮದ್ಯವನ್ನು ಸೇವಿಸುವುದು ರೂಢಿ. ಅದರ ಹುಳಿಯು ಬೆಣ್ಣೆಯ ಜಿಡ್ಡನ್ನು ಕಳೆದು ನಾಲಗೆಯನ್ನು ಮುಂದಿನ ತುತ್ತಿಗೆ ಅಣಿಮಾಡುವುದು. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವೂ ಅನುಪಾನವು ಆಹಾರದ ಗುಣಕ್ಕೆ ವಿಪರೀತವಾಗಿರಬೇಕೆಂದು ವಿಧಿಸುತ್ತದೆ. ಮದ್ಯಮಾಂಸಗಳು ರೂಢಿಯಾದವರಿಗೆ ಮದ್ಯವನ್ನೇ ಹೇಳುತ್ತದೆ. ಆದರೆ ಅಲ್ಲಿಯೇ ಇನ್ನೊಂದು ನಿಬಂಧನೆಯುಂಟು: ಅನುಪಾನವು ದೇಹದ ಧಾತುಗಳಿಗೆ ವಿರೋಧಿಯಾಗಬಾರದು. ಮದ್ಯವು ಅತ್ಯಲ್ಪವಾದರೂ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿದ ಮೇಲೆ, ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮದ್ಯವು ಎರಡನೆಯದರಲ್ಲಿ ಸೋತಂತೆಯೇ ಸರಿ. ಆದುದರಿಂದ, ವಾಚಕಮಹಾಶಯರೇ, ಹಬ್ಬಕ್ಕೆ ಬಂದ ಮಗನು ಎಲೆಯ ಬಳಿ ಸೀಸೆಯನ್ನು ತಂದಿರಿಸಿದರೆ ಜರೆಯದಿರಿ. ಈ ಎರಡು ವಿಧಿಗಳನ್ನೂ ತಿಳಿಸಿ, ಮಜ್ಜಿಗೆಯನ್ನು ಬಡಿಸಿರಿ; ಹೋಳಿಗೆಯ ತುಪ್ಪದ ಜಿಡ್ಡನ್ನು ಅದರ ಹುಳಿಯೂ ಕಳೆಯಬಲ್ಲುದು.